ತಾನಾಗಿ ನಿಲ್ಲುವ ಮೋಟರು

ತಾನಾಗಿಯೇ ಆಗುವ ಕೆಲಸಗಳ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಕಡಿಮೆ. ನಮ್ಮ ಮನೆಯಲ್ಲಿ ಇಷ್ಟು ವರ್ಷಗಳಲ್ಲಿ ತಾನಾಗಿ ಆದದ್ದು ಏನೇನು ಎಂದು ಕುಳಿತು ಯೋಚಿಸಿದರೆ, ಹಾಲು ತಾನಾಗಿ ಉಕ್ಕಿದೆ, ಮೊಸರು ತಾನಾಗಿ ಹುಳಿಯಾಗಿದೆ, ಹಜಾರದ ಗೋಡೆ ತಾನಾಗಿ ಬಿರುಕು ಬಿಟ್ಟಿದೆ, ನಮ್ಮ ಯಜಮಾನರು ಪೇಪರ್ ಓದುತ್ತಾ ಓದುತ್ತಾ ತಾವಾಗಿ ನಿದ್ದೆ ಹೋಗಿದ್ದಾರೆ. ಉಕ್ಕಿದ ಹಾಲನ್ನು ಒಲೆ ತಾನಾಗಿ ಒರೆಸಿಕೊಂಡ ಉದಾಹರಣೆ ಒಂದೂ ಇಲ್ಲ. ಒಳ್ಳೆಯದು ಎನ್ನುವಂಥದ್ದು ತಾನಾಗಿ ಆದದ್ದು ಇಡೀ ಸಂಸಾರದಲ್ಲಿ ಒಂದೇ ಒಂದು ಸಲ. ಹೋದ ವರ್ಷ ಒಂದು ಬೆಳಿಗ್ಗೆ ನನಗೆ ತಲೆಸುತ್ತು ಬಂದು ಬಚ್ಚಲಮನೆಯ ನೆಲದ ಮೇಲೆ ಕುಳಿತುಬಿಟ್ಟಿದ್ದೆ. ಕೂಗಲು ಬಾಯಿ ಬರುತ್ತಿರಲಿಲ್ಲ. ಏಳೂವರೆಗೆ ಮೊದಲು ಕಣ್ಣು ಬಿಡದ ನಮ್ಮ ಯಜಮಾನರು ಆವತ್ತು ಆರು ಗಂಟೆಗೂ ಮೊದಲೇ ತಾವಾಗಿ ಎದ್ದು ಬಂದು ನನ್ನನ್ನು ಎಬ್ಬಿಸಿ ಕೂರಿಸಿದರು. "ಅದೇನೋ ಮನಸ್ಸಿಗೆ ಅನ್ನಿಸ್ತು ಕಣೇ, ಎದ್ದುಬಿಟ್ಟೆ" ಎಂದು ಬಂದವರಿಗೆಲ್ಲ ಹೇಳಿಕೊಂಡರು. ನಾನೂ ಅದನ್ನು ನಂಬಿ ಒಂದು ವರ್ಷ ಅವರ ಕಾಫಿಗೆ ಸಕ್ಕರೆ ಅರ್ಧ ಚಮಚ ಹೆಚ್ಚು ಹಾಕಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ತಾನಾಗಿಯೇ ನಡೆಯುತ್ತದೆ ಎನ್ನುವುದು ಹೊಗಳಿಕೆಯ ಮಾತು ಯಾವಾಗ ಆಯಿತೋ ನನಗೆ ತಿಳಿಯದು. ನಮ್ಮ ಮನೆಗೆ ಆ ಮಾತನ್ನು ತಂದವಳು ಮಗಳು ರೂಪಾ. ಕೆಂಗೇರಿಯಲ್ಲಿ ಅವಳ ಸಂಸಾರ, ಒಂದು ಕೊರಿಯರ್ ಕಂಪನಿಯ ಆಫೀಸಿನಲ್ಲಿ ಕೆಲಸ. ಪ್ರತಿ ಭಾನುವಾರ ಮೆಟ್ರೊದಲ್ಲಿ ವಿಜಯನಗರಕ್ಕೆ ಬಂದು, ಅಲ್ಲಿಂದ ಆಟೊ ಹಿಡಿದು ಬಸವೇಶ್ವರನಗರಕ್ಕೆ ಬರುತ್ತಾಳೆ. ಬಂದವಳು ಚಪ್ಪಲಿ ಬಿಡುವ ಮೊದಲೇ ಈ ಮನೆಯಲ್ಲಿ ಇನ್ನೂ ಏನನ್ನು ಆಟೋಮೇಟ್ ಮಾಡಬಹುದು ಎಂದು ಕಣ್ಣಾಡಿಸುತ್ತಾಳೆ. ಗೀಸರಿಗೆ ಟೈಮರ್ ಹಾಕಿಸಿದಳು. ಕರೆಂಟ್ ಬಿಲ್ಲು ತಾನಾಗಿ ಕಟ್ಟಿಕೊಳ್ಳುವ ಹಾಗೆ ಮಾಡಿದಳು. ಅವರಪ್ಪನ ಮಾತ್ರೆಯ ಹೊತ್ತಿಗೆ ಮೊಬೈಲು ಕೋಗಿಲೆಯ ಹಾಗೆ ಕೂಗುವಂತೆ ಮಾಡಿದಳು. ಅವರು "ಎಷ್ಟು ಚೆನ್ನಾಗಿ ಕೂಗುತ್ತೆ" ಎಂದು ಕೇಳಿ ಆನಂದಿಸಿ ಮಾತ್ರೆಯನ್ನು ಮರೆಯುತ್ತಾರೆ. ಮಾತ್ರೆ ಕೊಡುವುದು ಮೊದಲಿನ ಹಾಗೆ ನಾನೇ. ಪದದ ಅರ್ಥ ಸರಿಯಾಗಿ ತಿಳಿಯೋಣ ಎಂದು ನಿಘಂಟು ತೆಗೆದೆ. "ಸ್ವಯಂಚಾಲಿತಗೊಳಿಸು" ಎಂದಿತ್ತು. ಓದಿ ಪುಸ್ತಕ ಮುಚ್ಚಿದೆ. ನನಗೆ ತಿಳಿದ ಅರ್ಥ ಇಷ್ಟು: ಒಬ್ಬರು ದಿನವೂ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಯಾರೂ ಮಾಡಬೇಕಾಗಿಲ್ಲ. ಆ ಒಬ್ಬರು ಇನ್ನು ಮುಂದೆ ಆ ಹೊತ್ತಿನಲ್ಲಿ ಏನು ಮಾಡಬೇಕು ಎನ್ನುವುದನ್ನು ನಿಘಂಟಿನವರು ಬರೆದಿರಲಿಲ್ಲ.

ನನ್ನ ಸ್ವಭಾವವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಾನು ಮೂವತ್ತಾರು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಕೊನೆಯ ಎಂಟು ವರ್ಷ ವಾರ್ಡ್ ಸಿಸ್ಟರ್. ಬೀದಿಯಲ್ಲಿ ಈಗಲೂ ನನ್ನ ಹೆಸರು ಸಿಸ್ಟರಮ್ಮ. ವಾರ್ಡಿನಲ್ಲಿ ಟೆಂಪರೇಚರ್ ಆರಕ್ಕೆ ಅಂದರೆ ಆರಕ್ಕೆ. ಆರೂ ಐದಕ್ಕೆ ನೋಡಿದ ಜ್ವರವನ್ನು ನಮ್ಮ ಮೇಟ್ರನ್ ಜ್ವರ ಎಂದೇ ಒಪ್ಪುತ್ತಿರಲಿಲ್ಲ. ಮನೆಯಲ್ಲೂ ನನ್ನದು ಅದೇ ಕ್ರಮ. ಐದು ಗಂಟೆಗೆ ಏಳುವುದು, ಐದೂ ಇಪ್ಪತ್ತಕ್ಕೆ ಬಾಗಿಲಿಗೆ ನೀರು, ಐದೂ ನಲವತ್ತಕ್ಕೆ ಮೋಟರು. ಹಾಸಿಗೆಯ ಹೊದಿಕೆಯ ಮೂಲೆ ಈಗಲೂ ಆಸ್ಪತ್ರೆಯ ಮಂಚದ ಹಾಗೆ ಮಡಿಚದಿದ್ದರೆ ನನಗೆ ತಿಂಡಿ ಸೇರುವುದಿಲ್ಲ. "ಮದುವೆ ಆಗಿ ನಲವತ್ತೈದು ವರ್ಷ ಆಯ್ತು, ಇನ್ನೂ ನನ್ನನ್ನ ಡಿಸ್ಚಾರ್ಜ್ ಮಾಡಿಲ್ಲ" ಎಂದು ನಮ್ಮ ಯಜಮಾನರು ನೆಂಟರ ಮುಂದೆ ಹೇಳುತ್ತಾರೆ.

ಮೋಟರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಕೆಳಗೆ ನಾವು, ಮೊದಲ ಮಹಡಿಯಲ್ಲಿ ಬಾಡಿಗೆಗೆ ಎಂಟು ಗಂಟೆಗೆ ಏಳುವ ಒಂದು ಸಂಸಾರ, ಅದರ ಮೇಲೆ ತಾರಸಿಯಲ್ಲಿ ಒಂದು ರೂಮು, ಅಡಿಗೆಮನೆ ಇರುವ ಮನೆ. ಆ ತಾರಸಿ ಮನೆಯಲ್ಲಿ ಹನ್ನೊಂದು ವರ್ಷದಿಂದ ರುದ್ರಪ್ಪನವರಿದ್ದಾರೆ. ರಾಣೇಬೆನ್ನೂರಿನ ಕಡೆಯವರು, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು, ಹೆಂಡತಿ ತೀರಿಹೋಗಿದ್ದಾರೆ, ಒಬ್ಬರೇ. ಅವರ ಸೂರಿನ ಮೇಲೆ ನೀರಿನ ಟ್ಯಾಂಕು. ಕೆಳಗೆ ಸಂಪಿನ ಪಕ್ಕದಲ್ಲಿ ಮೋಟರು, ಅದರ ಸ್ವಿಚ್ಚು ನನ್ನ ಅಡಿಗೆಮನೆಯ ಹಿಂಬಾಗಿಲಲ್ಲಿ. ನಾನು ಸ್ವಿಚ್ ಹಾಕಿದರೆ ಟ್ಯಾಂಕು ಎಷ್ಟು ತುಂಬಿತು ಎನ್ನುವುದು ನನಗೆ ಕಾಣುವುದಿಲ್ಲ. ತುಂಬಿ ಹೊರಚೆಲ್ಲುವ ನೀರು ಒಂದು ಪೈಪಿನಿಂದ ರುದ್ರಪ್ಪನವರ ಬಚ್ಚಲಿನ ಜಿಂಕ್ ಶೀಟಿನ ಮೇಲೆ ಬೀಳುತ್ತದೆ. ಮೊದಲ ಹನಿ ತಟ್ ಎಂದು ಬಿದ್ದ ಕೂಡಲೇ ಅವರು ಪ್ಯಾರಾಪೆಟ್ಟಿನ ಹತ್ತಿರ ಬಂದು ನಿಂತು, ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರಿಗೆ ಕೇಳುವ ಹಾಗೆ ಕೂಗುತ್ತಾರೆ: "ಅಕ್ಕಾರ, ತುಂಬೇತ್ರೀ... ರೈಟ್." ನಾನು ಕೆಳಗಿನಿಂದ "ಆಫ್ ಮಾಡಿದೆ ರುದ್ರಪ್ಪನವರೇ" ಎನ್ನುತ್ತೇನೆ. ಅಲ್ಲಿಗೆ ಮುಗಿಯಿತು. ಇಬ್ಬರಿಗೂ ಆ ದಿನ ಮತ್ತೆ ಮಾತು ಇರಲೇಬೇಕು ಎಂದೇನಿಲ್ಲ.

ಎರಡು ವರ್ಷದ ಹಿಂದೆ ಒಂದು ದಿನ ಆ ಕೂಗು ಬರಲಿಲ್ಲ. ಜಿಂಕ್ ಶೀಟಿನ ಮೇಲೆ ನೀರು ಧೋ ಎಂದು ಸುರಿಯುವ ಸದ್ದು ಮಾತ್ರ ಬಂತು. ನಾನು ಸ್ವಿಚ್ ಆರಿಸಿ, ಮಂಡಿನೋವು ಮರೆತು, ಮೇಲೆ ಓಡಿದೆ. ರುದ್ರಪ್ಪನವರು ಬಾಗಿಲಿನ ಚೌಕಟ್ಟಿಗೆ ಒರಗಿ ಕುಳಿತಿದ್ದರು. ಮೈಯೆಲ್ಲ ಬೆವರು, ಮಾತು ತೊದಲು. ಸಕ್ಕರೆ ಕಾಯಿಲೆಯವರು, ಹಿಂದಿನ ದಿನ ಮಾತ್ರೆ ತೆಗೆದುಕೊಂಡು ಊಟ ಬಿಟ್ಟಿದ್ದರು. ಸಕ್ಕರೆ ನೀರು ಕುಡಿಸಿದೆ. ಕಾಲು ಗಂಟೆಯಲ್ಲಿ "ನೀರು ವೇಸ್ಟ್ ಆತೇನ್ರಿ ಅಕ್ಕಾರ" ಎಂದು ಕೇಳುವಷ್ಟು ಸರಿಹೋದರು. ಆವತ್ತಿನಿಂದ ಆ ಕೂಗು ನನಗೆ ಬೆಳಗಿನ ರೌಂಡ್ಸ್ ಆಯಿತು. ರೈಟ್ ಎನ್ನುವುದರಲ್ಲಿ ಎಳೆತ ಸರಿಯಾಗಿದ್ದರೆ ಮನುಷ್ಯ ಸರಿಯಾಗಿದ್ದಾರೆ. ದನಿ ಕಟ್ಟಿದ್ದರೆ ನೆಗಡಿ, ಮಧ್ಯಾಹ್ನ ಮೆಣಸಿನ ಸಾರು ಕಳಿಸಬೇಕು. ತಡವಾಗಿ ಬಂದರೆ ಮಂಡಿ ಹಿಡಿದಿದೆ. ಮನಸ್ಸಿನಲ್ಲೇ ಚಾರ್ಟ್ ತುಂಬಿಸಿ ಕಾಫಿಗೆ ಹಾಲಿಡುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. "ನೀವು ಬದುಕಿದ್ದೀರೋ ಇಲ್ಲವೋ ಎಂದು ದಿನಾ ನೋಡುತ್ತೇನೆ" ಎಂದು ಒಬ್ಬ ಮನುಷ್ಯನ ಮುಖಕ್ಕೆ ಹೇಳುವುದು ಹೇಗೆ?

ಇಂಥ ವ್ಯವಸ್ಥೆಯ ಮೇಲೆ ರೂಪಾಳ ಕಣ್ಣು ಬಿದ್ದದ್ದು ಒಂದು ಭಾನುವಾರ. ಹಿಂದಿನ ರಾತ್ರಿಯೇ ಬಂದು ಉಳಿದಿದ್ದಳು, ಅವಳಿದ್ದ ಆ ಬೆಳಿಗ್ಗೆಯೇ ನೀರು ಒಂದಿಷ್ಟು ಚೆಲ್ಲಿ ಪಕ್ಕದ ಮನೆಯವರ ಒಣಹಾಕಿದ ಸೀರೆಯ ಮೇಲೆ ಹೋಗಿತ್ತು.

"ಅಮ್ಮಾ, ಏನಿದು? ಎಪ್ಪತ್ತೊಂದು ವರ್ಷದವಳು ಸ್ವಿಚ್ ಹತ್ರ ಕಾಯ್ತಾ ನಿಂತ್ಕೊಳ್ಳೋದು, ಎಪ್ಪತ್ತು ವರ್ಷದವರು ಮೇಲಿಂದ ಕೂಗೋದು. ಬೀದಿಯವರೆಲ್ಲ ಎದ್ದುಬಿಡ್ತಾರೆ."

"ಬೀದಿಯವರು ಏಳಲಿ ಬಿಡೇ, ಐದೂ ಐವತ್ತೈದಾಗಿರುತ್ತೆ."

"ಆಟೋಮೇಟ್ ಮಾಡ್ಬಿಡೋಣ. ಟ್ಯಾಂಕಲ್ಲಿ ಒಂದು ಸೆನ್ಸರ್, ಕೆಳಗೆ ಒಂದು ಬಾಕ್ಸ್. ನೀರು ಕಮ್ಮಿ ಆದ್ರೆ ಆನ್ ಆಗುತ್ತೆ, ತುಂಬಿದ್ರೆ ಆಫ್ ಆಗುತ್ತೆ. ನೀನು ಆರಾಮಾಗಿ ಮಲಗಬಹುದು."

"ಮಲಗಿ ಏನು ಮಾಡ್ಲಿ?"

ಉತ್ತರದ ಬದಲು ಅವಳು ಫೋನು ತೆಗೆದಳು. ಅದರಲ್ಲಿ ಎಲೆಕ್ಟ್ರಿಷಿಯನ್ ನಂಜುಂಡನ ನಂಬರು ಇತ್ತು.

ನಂಜುಂಡ ಐವತ್ತು ದಾಟಿದ ಮನುಷ್ಯ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿರುತ್ತಾನೆ. ಕಡಿಮೆ ಮಾತು, ಹೆಚ್ಚು ನೋಟ. ಮುಂದಿನ ಭಾನುವಾರ ಬಂದು ಟ್ಯಾಂಕಿನೊಳಗೆ ಸೆನ್ಸರ್ ಇಳಿಬಿಟ್ಟ, ರುದ್ರಪ್ಪನವರ ಕಿಟಕಿಯ ಪಕ್ಕದಿಂದ ತೆಳ್ಳನೆಯ ಚಪ್ಪಟೆ ವೈರನ್ನು ಗೋಡೆಗುಂಟ ಇಳಿಸಿ ತಂದ, ನನ್ನ ಸ್ವಿಚ್ಚಿನ ಪಕ್ಕದಲ್ಲಿ ಒಂದು ಬಿಳಿ ಡಬ್ಬಿ ಕೂರಿಸಿದ. "ಹಸಿರು ಬಂದ್ರೆ ತುಂಬಿದೆ ಅಂತ, ಸಿಸ್ಟರಮ್ಮ. ಕೆಂಪು ಮಿಣುಕಿದ್ರೆ ವೈರಲ್ಲಿ ಏನೋ ತೊಂದ್ರೆ ಅಂತ. ಆಗ ಹಳೇ ಸ್ವಿಚ್ಚಲ್ಲಿ ಹಾಕ್ಕೊಳ್ಳಿ" ಎಂದು ಹೇಳಿಹೋದ. ರುದ್ರಪ್ಪನವರು ಪ್ಯಾರಾಪೆಟ್ಟಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು. "ಚಲೋ ಆತ್ರಿ" ಎಂದರು. ಆ ಚಲೋದಲ್ಲಿ ಎಳೆತ ಇರಲಿಲ್ಲ. ನಾನು ಅದನ್ನು ಗಮನಿಸಿಯೂ ಗಮನಿಸದಂತೆ ಇದ್ದೆ.

ಸೋಮವಾರ ಐದೂ ನಲವತ್ತಕ್ಕೆ ಅಭ್ಯಾಸ ಬಲದಿಂದ ಹಿಂಬಾಗಿಲಿಗೆ ಹೋಗಿ ನಿಂತೆ. ಮೋಟರು ಅಷ್ಟು ಹೊತ್ತಿಗೆ ತನ್ನ ಪಾಡಿಗೆ ತಾನು ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ತನ್ನ ಪಾಡಿಗೆ ತಾನು ನಿಂತಿತು. ಹಸಿರು ದೀಪ ಹತ್ತಿತು. ಒಂದು ಹನಿ ಚೆಲ್ಲಲಿಲ್ಲ, ಒಂದು ಕೂಗು ಬರಲಿಲ್ಲ. ಅಷ್ಟು ದೊಡ್ಡ ಮೌನವನ್ನು ನಾನು ವಾರ್ಡಿನಲ್ಲಿ ಕೇಳಿದ್ದೇನೆ, ಆಗೆಲ್ಲ ಅದು ಒಳ್ಳೆಯ ಸೂಚನೆಯಾಗಿರಲಿಲ್ಲ. ಹಸಿರು ದೀಪ ಟ್ಯಾಂಕಿನ ಸುದ್ದಿಯನ್ನು ಹೇಳುತ್ತದೆ. ಟ್ಯಾಂಕಿನ ಕೆಳಗೆ ಮಲಗಿರುವ ಮನುಷ್ಯನ ಸುದ್ದಿ ಯಾರು ಹೇಳಬೇಕು? ಕಿವಿಗೊಟ್ಟು ನಿಂತೆ. ಬಕೆಟ್ಟಿನ ಸದ್ದಿಲ್ಲ. ಹೆಜ್ಜೆ ಸದ್ದಿಲ್ಲ, ಅವರು ಬೇರೆ ಬರಿಗಾಲಿನಲ್ಲಿ ಓಡಾಡುವವರು. ಹಾಲು ಉಕ್ಕಿತು, ತಾನಾಗಿ. ಆರೂವರೆಗೆ ತಡೆಯಲಾರದೆ ಕರಿಬೇವಿನ ನೆಪ ಮಾಡಿಕೊಂಡು ಮೇಲೆ ಹತ್ತಿದೆ. ರುದ್ರಪ್ಪನವರು ಮೆಟ್ಟಿಲ ಮೇಲೆ ಕುಳಿತು ಟೀ ಕುಡಿಯುತ್ತಿದ್ದರು.

"ಏನ್ ಬೇಕಾಗಿತ್ರಿ ಅಕ್ಕಾರ?"

"ಕರಿಬೇವು ಇದೆಯಾ ಅಂತ."

"ಕರಿಬೇವಿನ ಗಿಡ ನಿಮ್ಮ ಗೇಟಿನಾಗ ಐತಲ್ರಿ."

ಮಾರನೆಯ ದಿನ ಬೇರೆ ನೆಪ ಬೇಕಾಯಿತು. ಗೇಟಿನ ಬೀಗದ ಕೈ ಸಿಕ್ಕಿತಾ ಎಂದು ಕೇಳಲು ಹೋದೆ. ಕೈ ನನ್ನ ಸೆರಗಿನಲ್ಲೇ ನೇತಾಡುತ್ತಿತ್ತು. ಬುಧವಾರ ನೆಪಗಳು ಮುಗಿದು, ಅವರು ಬಾಗಿಲು ತೆಗೆದ ಕೂಡಲೇ ನನಗೆ ಏನೂ ತೋಚದೆ, ಅವರ ತಲೆಯ ಮೇಲಿನ ಗೋಡೆಯನ್ನು ನೋಡಿ, "ಈ ಗೋಡೆಗೆ ಬಣ್ಣ ಹೊಡೆಸಿ ಎಷ್ಟು ವರ್ಷ ಆಯ್ತು ರುದ್ರಪ್ಪನವರೇ?" ಎಂದೆ. ಅವರು ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು. "ಒಂಬತ್ತು ವರ್ಷ ಆತ್ರಿ" ಎಂದು ನಿಧಾನವಾಗಿ ಹೇಳಿದರು. ಬದುಕಿದ್ದಾರೆ, ದನಿ ಸ್ವಲ್ಪ ಕುಗ್ಗಿದೆ ಎಂದು ಚಾರ್ಟಿನಲ್ಲಿ ಬರೆದುಕೊಂಡು ಇಳಿದು ಬಂದೆ. ದನಿ ಯಾಕೆ ಕುಗ್ಗಿತು ಎಂದು ಯೋಚಿಸುವ ಬುದ್ಧಿ ಬರಲಿಲ್ಲ. ಬಣ್ಣದ ಮಾತು ಸುಲಭವಾಗಿ ಒದಗುತ್ತಿದ್ದರಿಂದ ಗುರುವಾರ, ಶುಕ್ರವಾರ ಕೂಡ ಅದನ್ನೇ ಮುಂದುವರಿಸಿದೆ. ಶನಿವಾರ ಒಂದು ಗೋಡೆಯನ್ನು ಬೆರಳಿನಿಂದ ಕೆರೆದೂ ನೋಡಿದೆ.

ಇಲ್ಲಿ ವಾರ್ಡಿನ ಒಂದು ನೆನಪು ಬರುತ್ತದೆ. ನಮ್ಮಲ್ಲಿಗೆ ಮೊದಲ ಸಲ ತಾನಾಗಿ ಬಿ.ಪಿ., ನಾಡಿ ಎರಡನ್ನೂ ತೋರಿಸುವ ಯಂತ್ರ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಮುಗಿಯಿತು, ಒಂದು ರೌಂಡ್ಸಿನಲ್ಲಿ ಇಪ್ಪತ್ತು ನಿಮಿಷ ಉಳಿತಾಯ. ಮೂರನೆಯ ದಿನವೋ ನಾಲ್ಕನೆಯ ದಿನವೋ ಹದಿನಾಲ್ಕನೆಯ ಮಂಚದ ಒಬ್ಬ ಅಜ್ಜಿ ಪಟ್ಟಿ ಬಿಚ್ಚುತ್ತಿದ್ದ ನನ್ನನ್ನು "ಇವತ್ತೂ ಕೈ ಹಿಡಿಯಲ್ವೇನವ್ವ?" ಎಂದು ಕೇಳಿದಳು. ನಾಡಿ ಎಣಿಸಲು ಅರ್ಧ ನಿಮಿಷ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದೆವಲ್ಲ, ಆ ಅರ್ಧ ನಿಮಿಷಕ್ಕಾಗಿ ಅವಳು ದಿನವಿಡೀ ಕಾಯುತ್ತಿದ್ದಳಂತೆ. ಆಮೇಲೆ ನಾನು ಯಂತ್ರವನ್ನೂ ನೋಡಿ ನಾಡಿಯನ್ನೂ ಹಿಡಿಯುತ್ತಿದ್ದೆ. ಇಪ್ಪತ್ತು ನಿಮಿಷ ಉಳಿಯುವ ಬದಲು ಐದು ನಿಮಿಷ ಹೆಚ್ಚಾಯಿತು. ಮೇಟ್ರನ್ ಕಾರಣ ಕೇಳಿದರು, ನಾನು ಯಂತ್ರದ ಮೇಲೆ ಅನುಮಾನ ಎಂದು ಹೇಳಿ ತಪ್ಪಿಸಿಕೊಂಡೆ.

ಆ ಭಾನುವಾರ ಬಂದ ರೂಪಾಳಿಗೆ ನನ್ನ ಮುಖ ನೋಡಿಯೇ ತಿಳಿಯಿತು. ನನ್ನ ಬಿ.ಪಿ.ಯೂ ಹತ್ತು ಏರಿತ್ತು. ವಿಷಯ ಹೇಳಿದೆ. ಅವಳು ನಗಲಿಲ್ಲ, ಅದನ್ನು ಮೆಚ್ಚಬೇಕು. ಆದರೆ ಪರಿಹಾರ ಅವಳದೇ ಧಾಟಿಯದು.

"ಅದನ್ನೂ ಆಟೋಮೇಟ್ ಮಾಡ್ಬಿಡೋಣ ಅಮ್ಮಾ. ದಿನಾ ಆರು ಗಂಟೆಗೆ ನಿನ್ನ ಫೋನಿಂದ ಅವ್ರಿಗೆ ಒಂದು ಮೆಸೇಜ್ ತಾನಾಗೇ ಹೋಗೋ ಹಾಗೆ ಮಾಡ್ತೀನಿ. ಶುಭೋದಯ, ಹೇಗಿದ್ದೀರಿ ಅಂತ. ಅವ್ರು ಏನಾದ್ರೂ ಕಳಿಸಿದ್ರೆ ಸರಿ ಇದಾರೆ ಅಂತ ಅರ್ಥ. ಮೆಟ್ಟಿಲು ಹತ್ತೋದು ತಪ್ಪುತ್ತೆ."

ಮರುದಿನ ಆರಕ್ಕೆ ನನ್ನ ಫೋನು ನನ್ನನ್ನು ಕೇಳದೆ ಶುಭೋದಯ ಕಳಿಸಿತು. ಆರೂ ಒಂದಕ್ಕೆ ಅಲ್ಲಿಂದ ಬಿಲ್ವಪತ್ರೆ ಏರಿಸಿದ ಶಿವಲಿಂಗದ ಚಿತ್ರ ಬಂತು, ಕೆಳಗೆ "ಶುಭ ಸೋಮವಾರ". ಎದೆಯ ಮೇಲಿನ ಭಾರ ಇಳಿಯಿತು. ಮಂಗಳವಾರವೂ ಆರೂ ಒಂದಕ್ಕೆ ಚಿತ್ರ. ಬುಧವಾರವೂ ಹಾಗೆಯೇ. ಎಂಥ ಶಿಸ್ತಿನ ಮನುಷ್ಯ ಎಂದು ಮೆಚ್ಚಿಕೊಂಡೆ. ಗುರುವಾರ ತರಕಾರಿ ಗಾಡಿಯ ಹತ್ತಿರ ಸಿಕ್ಕಿದಾಗ, "ನಿಮ್ಮ ಚಿತ್ರಗಳು ಚೆನ್ನಾಗಿರುತ್ತವೆ, ರುದ್ರಪ್ಪನವರೇ, ಸರಿಯಾದ ಹೊತ್ತಿಗೆ ಕಳಿಸುತ್ತೀರಿ" ಎಂದೆ.

"ಯಾವ ಚಿತ್ರ ರೀ?"

"ದಿನಾ ಬೆಳಿಗ್ಗೆ ಬರುತ್ತಲ್ಲ, ಶಿವಲಿಂಗ."

"ಅದಾ? ಅದು ನಾ ಕಳಸೂದಲ್ರಿ. ನನ್ನ ತಂಗಿ ಮಗ ಏನೋ ಒತ್ತಿ ಬಿಟ್ಟಾನ. ಇದ್ದಬದ್ದವ್ರಿಗೆಲ್ಲಾ ತಾನ ಹೋಗತೈತಿ. ನಿಲ್ಲಸಾಕ ನನಗ ಬರಂಗಿಲ್ಲ."

ನನ್ನ ಕೈಯಲ್ಲಿದ್ದ ಬದನೆಕಾಯಿ ಹಾಗೆಯೇ ನಿಂತಿತು. ಅಂದರೆ ನಾಲ್ಕು ದಿನದಿಂದ ಆರು ಗಂಟೆಗೆ ನನ್ನ ಫೋನು ಅವರ ಫೋನಿನ ಕ್ಷೇಮ ಕೇಳುತ್ತಿದೆ, ಅವರ ಫೋನು ನನ್ನ ಫೋನಿಗೆ ಚೆನ್ನಾಗಿದ್ದೇನೆ ಎನ್ನುತ್ತಿದೆ. ನಾವಿಬ್ಬರೂ ಕಣ್ಣು ಮುಚ್ಚಿದ ಮೇಲೂ, ಯಾರಾದರೂ ಚಾರ್ಜ್ ಮಾಡುತ್ತಿದ್ದರೆ, ಈ ಎರಡು ಫೋನುಗಳು ವರ್ಷಗಟ್ಟಲೆ ಹೀಗೆಯೇ ಆರೋಗ್ಯ ವಿಚಾರಿಸಿಕೊಂಡು ಸುಖವಾಗಿರುತ್ತವೆ. ಆ ದಿನ ನಾನು ಎಣ್ಣೆಗಾಯಿಗೆ ಉಪ್ಪು ಎರಡು ಸಲ ಹಾಕಿದೆ. ಶುಕ್ರವಾರದಿಂದ ಮತ್ತೆ ಮೆಟ್ಟಿಲು, ಮತ್ತೆ ಗೋಡೆ, ಮತ್ತೆ ಬಣ್ಣದ ಮಾತು.

ಮಾರನೆಯ ದಿನ ಶನಿವಾರ. ನಮ್ಮ ಯಜಮಾನರು ಕಟಿಂಗ್ ಶಾಪಿಗೆ ಹೋಗಿದ್ದವರು ತಲೆಯ ಜೊತೆಗೆ ಸುದ್ದಿಯನ್ನೂ ಹೊತ್ತು ಬಂದರು.

"ರುದ್ರಪ್ಪ ಮನೆ ಹುಡುಕ್ತಾ ಇದಾನಂತೆ ಕಣೇ. ಅನ್ನಪೂರ್ಣೇಶ್ವರಿ ನಗರದಲ್ಲಿ ಒಂದು ರೂಮು ನೋಡ್ಕೊಂಡು ಬರೋಕೆ ಇವತ್ತು ಹೋಗಿದಾನೆ."

"ಯಾಕೆ? ಇಲ್ಲಿ ಏನಾಗಿದೆ?"

"ನಿನ್ನನ್ನೇ ಕೇಳ್ಬೇಕು. ಓನರಮ್ಮ ದಿನಾ ಬಂದು ಗೋಡೆ ಕೆರೀತಾರೆ, ಬಣ್ಣ ಹೊಡೆಸೋ ಮಾತಾಡ್ತಾರೆ, ಖಾಲಿ ಮಾಡಿ ಅನ್ನೋಕೆ ಸಂಕೋಚ ಪಡ್ತಾ ಇದಾರೆ, ನಾನೇ ಮರ್ಯಾದೆಯಾಗಿ ಹೋಗ್ಬಿಡ್ತೀನಿ ಅಂದನಂತೆ."

ಈ ಊರಿನಲ್ಲಿ ಬಾಡಿಗೆಗಿರುವವರ ಮುಂದೆ ಮನೆಯ ಓನರು ಬಣ್ಣದ ಮಾತೆತ್ತಿದರೆ ಅದರ ಅರ್ಥವೇನು ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ನಾವು ಈ ಮನೆ ಕಟ್ಟುವ ಮೊದಲು ರಾಜಾಜಿನಗರದಲ್ಲಿ ಬಾಡಿಗೆಗಿದ್ದಾಗ ಮೂರು ಸಲ ಹೀಗೆ ಬಣ್ಣಕ್ಕಾಗಿ ಮನೆ ಖಾಲಿ ಮಾಡಿದವರೇ. ಒಂದು ಮನೆಗೂ ಆಮೇಲೆ ಬಣ್ಣ ಬಳಿದದ್ದನ್ನು ನಾವು ನೋಡಲಿಲ್ಲ. ಬದುಕಿದ್ದಾರೆಯೇ ಎಂದು ನೋಡಲು ಹೋಗಿ ಮನುಷ್ಯನನ್ನು ಮನೆಯಿಂದಲೇ ಓಡಿಸುತ್ತಿದ್ದೆ. ಅನ್ನಪೂರ್ಣೇಶ್ವರಿ ನಗರದಲ್ಲಿ ಅವರ ಸಕ್ಕರೆ ಇಳಿದರೆ ಯಾರಿಗೆ ತಿಳಿಯುತ್ತದೆ? ಅಲ್ಲಿಯ ಓನರಿಗೆ ಮೆಣಸಿನ ಸಾರು ಮಾಡಲು ಬರುತ್ತದೆಯೇ?

ಮಧ್ಯಾಹ್ನ ಯಜಮಾನರು ತಾವಾಗಿ ನಿದ್ದೆ ಹೋದ ಮೇಲೆ ನಾನು ಆ ಕೆಲಸ ಮಾಡಿದೆ. ಸರ್ವಿಸಿನ ದಿನಗಳ ಬ್ಯಾಂಡೇಜ್ ಕತ್ತರಿ ಇನ್ನೂ ಇದೆ. ಅದರಲ್ಲಿ ಬಿಳಿ ಡಬ್ಬಿಗೆ ಒಂದು ಗೇಣು ಮೇಲೆ, ತೆಳ್ಳನೆಯ ಚಪ್ಪಟೆ ವೈರನ್ನು ಕಚ್ ಎಂದು ಕತ್ತರಿಸಿದೆ. ಎಪ್ಪತ್ತೊಂದು ವರ್ಷ ಯಾವುದನ್ನೂ ಕದ್ದು ಮಾಡಿದವಳಲ್ಲ. ಇಲಿ ಕಡಿದಿದೆ ಎಂದು ರೂಪಾಳಿಗೆ ಹೇಳುವುದು ಎಂದು ತೀರ್ಮಾನಿಸಿಕೊಂಡಿದ್ದೆ. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕತ್ತರಿಸಿದ ತುದಿಗಳನ್ನು ತೆರೆದು ಬಿಟ್ಟು ಹೋಗಲು ನನ್ನ ಕೈ ಒಪ್ಪಲಿಲ್ಲ. ಎರಡು ತುದಿಯನ್ನೂ ಒರೆಸಿ, ಬೇರೆ ಬೇರೆ ಪ್ಲಾಸ್ಟರ್ ಸುತ್ತಿ, ಅಂಚು ಎದ್ದು ಬರದಂತೆ ಒತ್ತಿ, ಆಮೇಲೆ ಸಮಾಧಾನವಾಗಿ ಕೈ ತೊಳೆದುಕೊಂಡೆ.

ಭಾನುವಾರ ಬೆಳಿಗ್ಗೆ ಕೆಂಪು ದೀಪ ಮಿಣುಕುತ್ತಿತ್ತು. ಐದೂ ನಲವತ್ತಕ್ಕೆ ಹಳೆಯ ಸ್ವಿಚ್ ಹಾಕಿದೆ. ಮೋಟರು ಗುರುಗುಟ್ಟಿತು. ಹಿಂಬಾಗಿಲಲ್ಲಿ ನಿಂತೆ. ಇವತ್ತು ಮೋಟರು ಕೈಯಲ್ಲಿ ನಡೆಯುತ್ತಿದೆ ಎಂದು ರುದ್ರಪ್ಪನವರಿಗೆ ನಾನು ಹೇಳಿರಲಿಲ್ಲ. ಅವರು ಮಲಗಿಯೇ ಇದ್ದರೆ? ನಿನ್ನೆ ಮನೆ ನೋಡಲು ಹೋದವರು ಅಡ್ವಾನ್ಸ್ ಕೊಟ್ಟೇ ಬಂದಿದ್ದರೆ? ಹತ್ತು ನಿಮಿಷ ಕಳೆಯಿತು. ಹದಿಮೂರು ಆಯಿತು. ಜಿಂಕ್ ಶೀಟಿನ ಮೇಲೆ ಹನಿ ತಟ್ಟೆಂದಿತೋ ಇಲ್ಲವೋ, ಮೇಲಿನಿಂದ ಬಂತು: "ಅಕ್ಕಾರ, ತುಂಬೇತ್ರೀ... ರೈಟ್." ಎಳೆತ ಪೂರ್ತಿಯಾಗಿತ್ತು, ಒಂದು ಗುಲಗಂಜಿಯಷ್ಟು ಹೆಚ್ಚೇ ಇತ್ತು. ನಾನು "ಆಫ್ ಮಾಡಿದೆ ರುದ್ರಪ್ಪನವರೇ" ಎಂದೆ. ನನ್ನ ದನಿಯೂ ಹಾಗೆಯೇ ಇದ್ದಿರಬೇಕು. ಒಳಗೆ ಬಂದು ಬಿ.ಪಿ. ನೋಡಿಕೊಂಡೆ, ಇಳಿದಿತ್ತು.

ಹತ್ತು ಗಂಟೆಗೆ ರೂಪಾ ಬಂದಳು. ಕೆಂಪು ದೀಪ ನೋಡಿದಳು, ನಂಜುಂಡನಿಗೆ ಫೋನು ಮಾಡಿದಳು. "ಇಲಿ ಇರಬೇಕು ಕಣೇ" ಎಂದು ಅವಳು ಕೇಳುವ ಮೊದಲೇ ನಾನು ಹೇಳಿದೆ. ನಂಜುಂಡ ಬಂದು ಕನ್ನಡಕ ಏರಿಸಿಕೊಂಡು ಡಬ್ಬಿಯ ಹತ್ತಿರ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಪುಣ್ಯಕ್ಕೆ ರೂಪಾ ಅವರಪ್ಪನ ಫೋನಿನಲ್ಲಿ ಕೋಗಿಲೆಯನ್ನು ತೆಗೆದು ಗಂಟೆ ಹಾಕುವುದರಲ್ಲಿ ಮುಳುಗಿದ್ದಳು. ನಂಜುಂಡ ಗೋಡೆಗುಂಟ ವೈರನ್ನೇ ನೋಡುತ್ತಾ ಮೇಲೆ ಹೋದ. ನನಗೆ ಕೆಳಗೆ ನಿಲ್ಲಲಾಗಲಿಲ್ಲ, ನಾನೂ ಹಿಂದೆಯೇ ಹತ್ತಿದೆ. ತಾರಸಿಯಲ್ಲಿ ರುದ್ರಪ್ಪನವರು ಕಿಟಕಿಗೆ ಅಡ್ಡವಾಗಿ ನಿಂತಿದ್ದರು. ನಂಜುಂಡ ಅವರ ಭುಜದ ಆಚೆಗೆ ಬಗ್ಗಿ ನೋಡಿ, ಕನ್ನಡಕ ಇಳಿಸಿ, ನಮ್ಮಿಬ್ಬರನ್ನೂ ಒಂದೊಂದು ಸಲ ನೋಡಿದ.

"ಈ ಮನೇಲಿ ಎರಡು ಇಲಿ ಇವೆ, ಸಿಸ್ಟರಮ್ಮ" ಎಂದ. "ಕೆಳಗಡೆ ಇಲಿ ಕಡಿದ ಮೇಲೆ ಗಾಯಕ್ಕೆ ಪ್ಲಾಸ್ಟರ್ ಹಾಕಿದೆ. ಮೇಲ್ಗಡೆ ಇಲಿ ಟಿಕೆಟ್ ಪಂಚ್ ಮಾಡಿದೆ."

ನೋಡಿದೆ. ಕಿಟಕಿಯ ಪಕ್ಕದ ವೈರಿನಲ್ಲಿ ಸಾಲಾಗಿ ಮೂರು ದುಂಡನೆಯ ತೂತು. ಕಂಡಕ್ಟರ್ ಆಗಿದ್ದಾಗಿನ ಟಿಕೆಟ್ ಪಂಚ್ ರುದ್ರಪ್ಪನವರ ಜುಬ್ಬಾದ ಜೇಬಿನಿಂದ ಮೂತಿ ಹೊರಗೆ ಹಾಕಿತ್ತು.

ಅದನ್ನು ಜೇಬಿನೊಳಗೆ ತಳ್ಳಿಕೊಂಡು ರುದ್ರಪ್ಪನವರೇ ಶುರು ಮಾಡಿದರು. "ನಿನ್ನಿ ಆ ರೂಮು ನೋಡಾಕ ಹೋಗಿದ್ನಿರಿ ಅಕ್ಕಾರ. ಅಲ್ಲೂ ಗ್ವಾಡಿಗೆ ಇದ ಡಬ್ಬಿ ಕುಂತಿತ್ತು. ಇಲ್ಲಿದ್ರೂ ಕೂಗೂ ಡ್ಯೂಟಿ ಇಲ್ಲ, ಅಲ್ಲಿ ಹೋದ್ರೂ ಇಲ್ಲ. ಸಂಜಿಗೆ ವಾಪಸ್ ಬಂದು ಸಿಟ್ಟಿಗೆ ಪಂಚ್ ಮಾಡೀನಿ ನೋಡ್ರಿ. ತಪ್ಪಾತು. ಮನಿ ಯಾವಾಗ ಖಾಲಿ ಮಾಡ್ಲಿ ಹೇಳ್ರಿ."

"ಯಾರು ಹೇಳಿದ್ದು ಖಾಲಿ ಮಾಡಿ ಅಂತ?"

"ಬಣ್ಣ ಹೊಡಸ್ತೀವಿ ಅಂದ್ರ ಏನಂತ ನನಗ ತಿಳಿಯಂಗಿಲ್ಲೇನ್ರಿ?"

"ಬಣ್ಣ ಅಲ್ಲ ರುದ್ರಪ್ಪನವರೇ, ನೀವು ಬದುಕಿದೀರೋ ಇಲ್ವೋ ಅಂತ ನೋಡೋಕೆ ಬರ್ತಿದ್ದೆ" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಇಷ್ಟು ದಿನ ಹೇಳುವುದು ಹೇಗೆ ಎಂದು ಒದ್ದಾಡಿದ ಮಾತು.

ರುದ್ರಪ್ಪನವರು ಬೇಸರ ಮಾಡಿಕೊಳ್ಳಲಿಲ್ಲ. ನಿಧಾನವಾಗಿ ನಕ್ಕರು. "ಮತ್ತ ನಾ ಯಾಕ ಕೂಗ್ತಿದ್ದೆ ಅಂತ ತಿಳಕೊಂಡೀರಿ? ನೀರಿಗೇನ್ರಿ? ಐದೂ ನಲವತ್ತಕ್ಕ ಮೋಟರ್ ಗುರ್ ಅಂದ್ರ ಅಕ್ಕಾರು ಎದ್ದಾರ. ಆಫ್ ಮಾಡಿದೆ ಅಂದ್ರ ಆರಾಮ ಅದಾರ. ಹ್ವಾದ ವರ್ಷ ಒಂದಿನ ಐದೂ ಐವತ್ತಾದ್ರೂ ಮೋಟರ್ ಹತ್ತಲಿಲ್ಲ. ಕೆಳಗಿಳಿದು ಬಂದು, ಇದ ಪಂಚ್‌ಲೆ ಸಾಹೇಬ್ರ ಕಿಟಕಿ ಸರಳು ಬಡದು ಎಬ್ಬಿಸಿದಾಂವ ನಾನು. ಆಗ ನೀವು ಬಚ್ಚಲದಾಗ ಕುಂತಿದ್ರಿ."

"ಅವರು ತಾವಾಗಿ ಎದ್ದೆ ಅಂದಿದ್ರಲ್ಲ."

"ಹೆಣ್ಮಗಳು ಖುಷಿಯಾಗ್ಯಾಳ, ಹೇಳಬ್ಯಾಡ ರುದ್ರಪ್ಪ ಅಂದ್ರು ಸಾಹೇಬ್ರು."

ನಾನು ಟ್ಯಾಂಕಿನ ನೆರಳಿನಲ್ಲಿ ಸ್ವಲ್ಪ ಹೊತ್ತು ಕುಳಿತೆ. ಎರಡು ವರ್ಷದಿಂದ ಬೆಳಗಿನ ರೌಂಡ್ಸ್ ಮಾಡುತ್ತಿರುವವಳು ನಾನು ಎಂದುಕೊಂಡಿದ್ದೆ. ಮೇಲೆಯೂ ಒಂದು ಚಾರ್ಟ್ ಇತ್ತು, ಅದರಲ್ಲಿ ಮಂಚದ ಮೇಲೆ ಮಲಗಿದ್ದವಳು ನಾನೇ. ನನ್ನ ಸಂಸಾರದಲ್ಲಿ ತಾನಾಗಿ ಆದ ಒಂದೇ ಒಂದು ಒಳ್ಳೆಯ ಕೆಲಸವೂ ಪಟ್ಟಿಯಿಂದ ಹೋಯಿತು. ಅದಕ್ಕೂ ಒಬ್ಬರು ಮೂವತ್ತಾರು ಮೆಟ್ಟಿಲು ಇಳಿದು ಬಂದಿದ್ದರು.

ನಂಜುಂಡ ಚೀಲದ ಜಿಪ್ ಎಳೆದ. "ವೈರು ಬದಲಾಯಿಸ್ಲಾ, ಬೇಡ್ವಾ?" ನಾನು ರುದ್ರಪ್ಪನವರನ್ನು ನೋಡಿದೆ, ಅವರು ಟ್ಯಾಂಕನ್ನು ನೋಡಿದರು. ಅವನು ಕೆಳಗಿಳಿದು ಹೋಗಿ, ಗಂಭೀರವಾಗಿ, "ಮೇಡಂ, ಇಲ್ಲಿ ಇಲಿ ಕಾಟ ಜಾಸ್ತಿ. ಈ ಮನೆಗೆ ಸೆನ್ಸರ್ ಆಗಿಬರಲ್ಲ" ಎಂದು ರೂಪಾಳಿಗೆ ಹೇಳಿದ. ಅವಳು ನನ್ನ ಮುಖ ನೋಡಿದಳು. ನಾನು ತೊಗರಿಬೇಳೆ ಆರಿಸಲು ಕುಳಿತೆ. ಯಜಮಾನರ ಕಾಫಿಯ ಹೆಚ್ಚಿನ ಅರ್ಧ ಚಮಚ ಸಕ್ಕರೆ ಆ ಸಂಜೆಯಿಂದಲೇ ನಿಂತಿತು. ಯಾಕೆ ಎಂದು ಅವರು ಕೇಳಲಿಲ್ಲ, ಹಾಗಾಗಿ ಅವರಿಗೆ ಗೊತ್ತಾಗಿದೆ ಎಂದು ನನಗೂ ಗೊತ್ತಾಯಿತು.

ಈಗ ಮೊದಲಿನ ಹಾಗೆಯೇ ನಡೆದಿದೆ. ಮೊನ್ನೆ ನಾನು ಸ್ವಿಚ್ ಹಾಕುವುದು ನಾಲ್ಕು ನಿಮಿಷ ತಡವಾದಾಗ, "ಅಕ್ಕಾರ, ಐದೂ ನಲವತ್ನಾಕಾತು, ಬಸ್ ಲೇಟ್ ಐತಿ" ಎಂದು ಮೇಲಿನಿಂದ ಕೂಗು ಬಂತು. ಬಿಳಿ ಡಬ್ಬಿ ಗೋಡೆಯ ಮೇಲೆ ಹಾಗೆಯೇ ಇದೆ, ವೈರಿನ ತುದಿಗಳಲ್ಲಿ ಪ್ಲಾಸ್ಟರೂ ಇದೆ. ಅಡಿಗೆಮನೆಯ ಹಬೆಗೆ ಕೊಳೆಯಾಗುತ್ತದೆ ಎಂದು ಪ್ರತಿ ಶನಿವಾರ ಬಿಚ್ಚಿ ಹೊಸದು ಸುತ್ತುತ್ತೇನೆ. ಮೂವತ್ತಾರು ವರ್ಷ ಸಾವಿರಾರು ಗಾಯಗಳಿಗೆ ಡ್ರೆಸಿಂಗ್ ಮಾಡಿದ್ದೇನೆ. ವಾಸಿಯಾಗದೆ ಇರಲಿ ಎಂದು ಮಾಡುತ್ತಿರುವುದು ಇದೊಂದಕ್ಕೇ.